ಹಸಿರು ತಂತಿ, ಕಪ್ಪು ತಂತಿ

ತಂತಿಯಕ್ಕನ ನಿಜವಾದ ಹೆಸರು ಹಾಜರಿ ಪುಸ್ತಕ ಇಡುವ ಗುಮಾಸ್ತನಿಗೆ ಮಾತ್ರ ಗೊತ್ತಿತ್ತು. ಮಿಕ್ಕವರಿಗೆಲ್ಲ ಅವಳು ತಂತಿಯಕ್ಕ. ಇಪ್ಪತ್ತಾರು ವರ್ಷ ಆ ಪ್ರಯೋಗಾಲಯದ ನೆಲಮಾಳಿಗೆಯಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ, ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಕೂತು, ತಲೆಗೂದಲಿಗಿಂತ ತೆಳ್ಳಗಿನ ಚಿನ್ನದ ತಂತಿಯನ್ನು ಹರಳಿನ ಚೂರುಗಳ ಮೇಲೆ ಕೂರಿಸಿದವಳು. ಮೇಲಿನ ಮಹಡಿಯವರು ಹರಳು ಬೆಳೆಸುತ್ತಿದ್ದರು, ಲೆಕ್ಕ ಹಾಕುತ್ತಿದ್ದರು, ಲೇಖನ ಬರೆಯುತ್ತಿದ್ದರು, ಬೇರೆ ಊರುಗಳಿಗೆ ಹೋಗಿ ಭಾಷಣ ಮಾಡಿ ಬರುತ್ತಿದ್ದರು. ಆದರೆ ಆ ಚೂರಿನ ನಾಲ್ಕು ಮೂಲೆಗೆ ನಾಲ್ಕು ತಂತಿ ಕೂರದೆ ಯಾರ ಆಟವೂ ನಡೆಯುತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಹಾಗಂತ ಎಂದೂ ಬಾಯಿ ಬಿಟ್ಟು ಹೇಳಿಕೊಂಡವಳಲ್ಲ.

ಚೂರೆಂದರೆ ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಎರಡು ಬಗೆಯ ಹರಳು, ಒಂದರ ಮೇಲೊಂದು ಪದರ ಪದರವಾಗಿ ಬೆಳೆಸಿದ್ದು. ಬೇರೆ ಬೇರೆಯಾಗಿ ಇಟ್ಟರೆ ಎರಡೂ ಶುದ್ಧ ಕಲ್ಲು, ಜಪ್ಪಯ್ಯ ಅಂದರೂ ಕರೆಂಟು ಹರಿಸುವುದಿಲ್ಲ. ಒಂದರ ಮೇಲೊಂದು ಕೂರಿಸಿದರೆ ಮಾತ್ರ, ಎರಡೂ ಕೂಡುವ ಆ ಒಂದು ಗೆರೆಯಲ್ಲಿ, ಬರೀ ನಾಲ್ಕಾರು ಪರಮಾಣುಗಳ ದಪ್ಪದಲ್ಲಿ, ಕರೆಂಟು ಸಲೀಸಾಗಿ ಹರಿಯುತ್ತದೆ. ಅಲ್ಲಿ ಹರಿಯುವುದು ಎಲೆಕ್ಟ್ರಾನು. ಅಷ್ಟನ್ನು ಜಗತ್ತಿನ ಎಷ್ಟೋ ಕಡೆ ಮಾಡಿ ತೋರಿಸಿದ್ದರು. ಎಲ್ಲರೂ ಹುಡುಕುತ್ತಿದ್ದುದು ಇನ್ನೊಂದನ್ನು, ಹೋಲುಗಳ ಪದರವನ್ನು. ಹರಳಿನ ಕೊನೆಯ ಪದರವನ್ನು ಬೇರೆ ಬಗೆಯಲ್ಲಿ ಮುಗಿಸಿದರೆ ಅದೂ ಸಿಗಬೇಕು ಎಂದು ಲೆಕ್ಕ ಹೇಳುತ್ತಿತ್ತು. ಲೆಕ್ಕಕ್ಕೇನು, ಹೇಳುತ್ತದೆ. ಚೂರು ಹೇಳಬೇಕಲ್ಲ!

ಈ ಹೋಲು ಎಂದರೇನು ಎಂದು ತಂತಿಯಕ್ಕನಿಗೆ ಅರ್ಥವಾಗುವ ಹಾಗೆ ಬಿಡಿಸಿ ಹೇಳಿದವಳು ಒಬ್ಬ ಸಂಶೋಧನಾ ವಿದ್ಯಾರ್ಥಿನಿ. ಸಣಕಲು ಹುಡುಗಿ, ತೋಳು ಉದ್ದದ ಸ್ವೆಟರು, ಮಾತು ಶುರು ಮಾಡಿದರೆ ನಿಲ್ಲಿಸಲು ಗೊತ್ತಿಲ್ಲ. ಬಂದ ಮೊದಲ ವಾರವೇ ಕೆಳಗಿಳಿದು ಬಂದು ಸ್ಟೂಲು ಎಳೆದುಕೊಂಡು ಕೂತಿದ್ದಳು.

"ಅಕ್ಕಾ, ಬಸ್ಸಲ್ಲಿ ಎಲ್ಲಾ ಸೀಟೂ ತುಂಬಿದೆ ಅಂದ್ಕೊಳ್ಳಿ. ಮುಂದಿನದು ಒಂದು ಮಾತ್ರ ಖಾಲಿ. ಅದರ ಹಿಂದಿನವರು ಎದ್ದು ಅಲ್ಲಿಗೆ ಬಂದ್ರು. ಈಗ ಅವರ ಸೀಟು ಖಾಲಿ. ಅದಕ್ಕೆ ಅವರ ಹಿಂದಿನವರು ಬಂದ್ರು. ಹೀಗೇ ಆಗ್ತಾ ಹೋದ್ರೆ, ಜನ ಮುಂದೆ ಹೋಗ್ತಾರೆ, ಖಾಲಿ ಸೀಟು ಹಿಂದೆ ಹಿಂದೆ ಹೋಗತ್ತೆ. ಆ ಖಾಲಿ ಸೀಟೇ ಹೋಲು."

"ಅಂದ್ರೆ ಇಲ್ಲದೇ ಇರೋದು ನಡ್ಕೊಂಡು ಹೋಗತ್ತೆ ಅಂತೀಯಾ?"

"ಹೂಂ ಅಕ್ಕಾ."

"ನಮ್ಮ ಮೇಲಿನ ಗುಮಾಸ್ತನ ಹಾಗೆ ಅನ್ನು. ಮನುಷ್ಯ ಎಲ್ಲೂ ಸಿಗಲ್ಲ, ಖಾಲಿ ಕುರ್ಚಿ ಮಾತ್ರ ಮಹಡಿ ಮಹಡಿ ಸುತ್ತತ್ತೆ."

ಹುಡುಗಿ ಬಿದ್ದು ಬಿದ್ದು ನಕ್ಕಿದ್ದಳು. ಅಂದಿನಿಂದ ತಂತಿಯಕ್ಕ ಅವಳನ್ನು 'ಪುಟ್ಟಿ' ಎಂದೇ ಕರೆದದ್ದು. ಮಕ್ಕಳಿಲ್ಲದವಳು. ಅದನ್ನೊಂದು ದೊಡ್ಡ ಕೊರತೆ ಎಂದು ಅವಳೂ ಅಂದುಕೊಂಡಿರಲಿಲ್ಲ, ಗಂಡನೂ ಅಂದುಕೊಂಡಿರಲಿಲ್ಲ. ಆದರೂ ಮಧ್ಯಾಹ್ನ ಊಟದ ಡಬ್ಬಿ ತೆರೆಯುವಾಗ ಪುಟ್ಟಿ ಬಂದಳೇ ಎಂದು ಕಣ್ಣು ಬಾಗಿಲ ಕಡೆ ಹೋಗುತ್ತಿತ್ತು.

ಪುಟ್ಟಿ ಆ ಪ್ರಯೋಗಾಲಯ ಹುಡುಕಿಕೊಂಡು ಬಂದದ್ದಕ್ಕೆ ಕಾರಣವಿತ್ತು. ಅವಳು ಬರುವ ಹಿಂದಿನ ವರ್ಷವಷ್ಟೇ ಅಲ್ಲಿ ಹೋಲುಗಳ ಪದರ ಸಿಕ್ಕಿತ್ತು. ಪ್ರಯೋಗಾಲಯದ ಮುಖ್ಯಸ್ಥರು, ಎದುರಿಗೆ ಎಲ್ಲರೂ 'ಸರ್' ಎನ್ನುವ, ಬೆನ್ನ ಹಿಂದೆ 'ದೊಡ್ಡವರು' ಎನ್ನುವ ಮನುಷ್ಯ, ತಾವೇ ಕೂತು ಅಳೆದು ಕಂಡುಹಿಡಿದಿದ್ದರು. ಸಿಕ್ಕಿದ್ದು ಒಂದೇ ಒಂದು ಚೂರಿನಲ್ಲಿ. ಮೂರು ಸಲ ತಣ್ಣಗೆ ಮಾಡಿ ಅಳೆದರು, ಮೂರು ಸಲವೂ ಅದೇ ಉತ್ತರ. ನಾಲ್ಕನೆಯ ಸಲಕ್ಕೆ ಚೂರು ಬಿರುಕು ಬಿಟ್ಟು ಸತ್ತುಹೋಯಿತು. ಅಷ್ಟರಲ್ಲಿ ಲೇಖನ ಅಚ್ಚಾಗಿ, ದೊಡ್ಡವರನ್ನು ಊರೂರಿನವರು ಕರೆಸಿ ಹೊತ್ತು ಮೆರೆಸಿಯಾಗಿತ್ತು. ಪುಟ್ಟಿಗೆ ಕೊಟ್ಟ ಕೆಲಸ ಒಂದೇ: ಅದನ್ನು ಮತ್ತೆ ಮಾಡಿ ತೋರಿಸು.

ಮಾಡಿದಳು, ಪಾಪ, ಮಾಡಿದಳು. ಮೂರು ವರ್ಷದಲ್ಲಿ ನಲವತ್ತೊಂದು ಚೂರು. ಮೀಟರಿನಲ್ಲಿ ಪ್ಲಸ್ಸು ಬಂದರೆ ಹೋಲು, ಮೈನಸ್ಸು ಬಂದರೆ ಎಲೆಕ್ಟ್ರಾನು. ಪುಟ್ಟಿಯ ಚೂರುಗಳಲ್ಲಿ ಅರ್ಧಕ್ಕರ್ಧ ಕರೆಂಟನ್ನೇ ಹರಿಸಲಿಲ್ಲ. ಹರಿಸಿದವೆಲ್ಲ ಮೈನಸ್ಸು. ಒಂದಾದರೂ ಪ್ಲಸ್ಸು ಬೇಡವೇ? ಇಲ್ಲ. ಮೇಲಿನ ಮಹಡಿಯ ಪುಂಡರು ಅವಳಿಗೆ 'ಮೈನಸ್ ಮೇಡಂ' ಎಂದು ಹೆಸರಿಟ್ಟರು. ಮೊದಮೊದಲು ಅವಳೂ ಜೊತೆಗೆ ನಗುತ್ತಿದ್ದಳು. ಎರಡನೇ ವರ್ಷಕ್ಕೆ ನಗು ನಿಂತಿತು. ಮೂರನೇ ವರ್ಷದ ಕೊನೆಯಲ್ಲಿ ಸಮಿತಿ ಕೂರುವುದಿತ್ತು. ಹೋಲು ತೋರಿಸದಿದ್ದರೆ ಸಂಶೋಧನೆ ಅಲ್ಲಿಗೇ ಮುಗಿಯಿತು, ಗಂಟುಮೂಟೆ ಕಟ್ಟು ಎಂದು ದೊಡ್ಡವರು ನೇರವಾಗಿಯೇ ಹೇಳಿದ್ದರು.

ಇನ್ನು ತಂತಿಯಕ್ಕನ ಕಣ್ಣಿನ ಕಥೆ. ಅದನ್ನು ಹೇಳದೆ ಮುಂದೆ ಹೋಗುವ ಹಾಗಿಲ್ಲ.

ಅವಳ ಗಂಡ ದರ್ಜಿ. ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ. ಮದುವೆಯಾದಾಗಿನಿಂದ ಬೆಳಗ್ಗೆ ಅವನ ಮಿಷನ್ನಿನ ಸೂಜಿಗೆ ದಾರ ಪೋಣಿಸಿಕೊಟ್ಟೇ ಅವಳು ಕೆಲಸಕ್ಕೆ ಹೊರಡುವುದು. ಅವನಿಗೆ ಬಾರದೆ ಅಲ್ಲ, ರೂಢಿ. ಒಂದು ಬೆಳಗ್ಗೆ ಅವಳು ಆರು ಸಲ ಪ್ರಯತ್ನಿಸಿದಳು, ದಾರ ಸೂಜಿಯ ಪಕ್ಕದಲ್ಲೇ ಹಾದು ಹೋಯಿತು. ಗಂಡ ಕತ್ತರಿ ಕೆಳಗಿಟ್ಟ.

"ಏನೇ, ಕಣ್ಣಿಗೆ ಪೊರೆ ಬಂದಿದೆಯಾ?"

"ದಾರದ ತುದಿ ಬಿಚ್ಚಿಕೊಂಡಿದೆ ರೀ, ಅಷ್ಟೇ."

"ದಾರಕ್ಕೆ ಬಾಯಿಲ್ಲ, ಅದಕ್ಕೆ ಅದರ ಮೇಲೆ ಹಾಕ್ತೀಯ."

ಪೊರೆ ಬಂದದ್ದು ಅವಳಿಗೆ ಅದಕ್ಕೂ ಮೊದಲೇ ಗೊತ್ತಿತ್ತು. ಸೂಕ್ಷ್ಮದರ್ಶಕದ ಕೆಳಗೆ ತೊಂದರೆಯಿರಲಿಲ್ಲ. ಬೆಳಕು ಜೋರು, ಎಲ್ಲವೂ ದೊಡ್ಡದಾಗಿ ಕಾಣುತ್ತದೆ, ಮಿಕ್ಕದ್ದನ್ನು ಕೈಯೇ ನೋಡಿಕೊಳ್ಳುತ್ತದೆ. ಕೈಕೊಟ್ಟದ್ದು ಬಣ್ಣ. ನೀಲಿ ಮಾಸಿತು, ಹಸಿರು ಕಪ್ಪಾಯಿತು, ಬಿಳಿಯೆಲ್ಲ ಹಳೇ ಕಾಗದದ ಹಾಗೆ ಹಳದಿಗಟ್ಟಿತು. ಆದರೆ ಸಂಸ್ಥೆಯ ನಿಯಮವಿತ್ತು. ತಂತಿ ಕೂರಿಸುವವರು ವರ್ಷಕ್ಕೊಮ್ಮೆ ಕಣ್ಣು ತೋರಿಸಿ ಚೀಟಿ ತರಬೇಕು, ಇಲ್ಲವಾದರೆ ಬೇರೆ ಕೆಲಸ. ಬೇರೆ ಕೆಲಸ ಎಂದರೆ ಗಾಜಿನ ಪಾತ್ರೆ ತೊಳೆಯುವುದು. ಸಂಸ್ಥೆಯ ದವಾಖಾನೆಯ ಗೋಡೆಯ ಮೇಲಿದ್ದುದು ಹತ್ತು ವರ್ಷದಿಂದ ಅದೇ ಅಕ್ಷರಗಳ ಹಲಗೆ. ತಂತಿಯಕ್ಕ ಅದನ್ನು ಬಾಯಿಪಾಠ ಮಾಡಿದಳು. ಡಾಕ್ಟರು ಕಡ್ಡಿ ತೋರಿಸುವ ಮೊದಲೇ ಕೊನೆಯ ಸಾಲನ್ನು ಗಡಗಡ ಒಪ್ಪಿಸಿ, "ಈ ವಯಸ್ಸಲ್ಲಿ ಏನು ಕಣ್ಣಮ್ಮ ನಿಮ್ಮದು!" ಎಂದು ಹೊಗಳಿಸಿಕೊಂಡು ಬಂದಳು. ಬಣ್ಣದ ವಿಷಯ ಯಾರೂ ಕೇಳಲಿಲ್ಲ.

ಎರಡು ವರ್ಷ ಹೀಗೆಯೇ ದಾಟಿದವು. ಹೋಲು ಸಿಕ್ಕ ದಿನ ಆ ಎರಡು ವರ್ಷದ ನಡುವೆ ಬರುತ್ತದೆ. ಪುಟ್ಟಿ ಬಂದ ಮೇಲೂ ಅವಳು ಪೊರೆಯನ್ನು ಎಳೆದುಕೊಂಡೇ ಹೋದಳು. ಚೀಟಿಯ ನಿಯಮ ಸಡಿಲವಾಗಿತ್ತು, ಕೇಳುವವರಿರಲಿಲ್ಲ. ಕೊನೆಗೆ ಗಂಡ ಹಟ ಹಿಡಿದು, ಊಟ ಬಿಟ್ಟು ಕೂತು, ಆಪರೇಷನ್ ಮಾಡಿಸಿದ. ರಜೆ ಕೇಳಲು ಹೋದಾಗ ದೊಡ್ಡವರು, "ಮೊದಲೇ ಹೇಳಬಾರದಿತ್ತೇನಮ್ಮ? ನಿಮ್ಮ ಕಣ್ಣು ಅಂದ್ರೆ ನಮ್ಮ ಕಣ್ಣು" ಎಂದು ತಾವೇ ಆಸ್ಪತ್ರೆಗೆ ಫೋನು ಮಾಡಿ ದಿನ ಗೊತ್ತು ಮಾಡಿಕೊಟ್ಟರು. ಕೆಟ್ಟ ಮನುಷ್ಯರಲ್ಲ. ಕೆಟ್ಟವರಾಗಿದ್ದರೆ ಈ ಕಥೆ ಹೇಳುವುದು ನನಗೂ ಸುಲಭವಾಗುತ್ತಿತ್ತು.

ಕಣ್ಣಿನ ಪಟ್ಟಿ ಬಿಚ್ಚಿದ ದಿನ ಅವಳು ಮನೆಯ ಬಾಗಿಲಲ್ಲಿ ನಿಂತು ಗಂಡನ ಅಂಗಡಿಯ ದಾರದ ಉಂಡೆಗಳನ್ನು ನೋಡಿದಳು. "ರೀ, ಇಷ್ಟೊಂದು ನೀಲಿ ಯಾವಾಗ ತಂದ್ರಿ?" ಎಂದು ಕೇಳಿದಳು. "ಆರು ವರ್ಷದಿಂದ ಅಲ್ಲೇ ಇದೆ" ಎಂದ ಅವನು. ಅವಳು ಮಗುವಿನ ಹಾಗೆ ಒಂದೊಂದನ್ನೇ ಎತ್ತಿ ನೋಡಿ ಸಂತೋಷಪಟ್ಟಳು. ಆ ಸಂತೋಷ ಒಂದು ತಿಂಗಳು ಇತ್ತು.

ಸಮಿತಿ ಕೂರಲು ಮೂರು ವಾರವಿರುವಾಗ ದೂರದಿಂದ ಅತಿಥಿಗಳು ಬರುವವರಿದ್ದರು. ಮೊದಲ ಮಹಡಿಯ ಓಣಿಯಲ್ಲಿ ಒಂದು ಗಾಜಿನ ಪೆಟ್ಟಿಗೆಯಿತ್ತು. ಹೋಲು ಸಿಕ್ಕ ಆ ಚೂರನ್ನು, ಅದು ಕೂತಿದ್ದ ತಾಮ್ರದ ಕಡ್ಡಿಯ ಸಮೇತ, ಅದರೊಳಗೆ ಇಟ್ಟಿದ್ದರು. ಕಡ್ಡಿ ಎಂದರೆ ಮನುಷ್ಯನ ಎತ್ತರದ ಕೊಳವೆ. ಅದರ ತುದಿಯಲ್ಲಿ ಚೂರು ಕೂರಿಸಿ, ಮೈ ಕೊರೆಯುವಷ್ಟು ತಣ್ಣನೆಯ ದ್ರವದೊಳಗೆ ಇಳಿಬಿಟ್ಟು ಅಳೆಯುತ್ತಾರೆ. ಆ ಕಡ್ಡಿಯ ಉಷ್ಣತೆ ತೋರಿಸುವ ಭಾಗ ಹೋಲು ಸಿಕ್ಕ ವರ್ಷವೇ ಕೆಟ್ಟಿತ್ತು. ಅದರ ಬದಲು ಹೊಸ ಕಡ್ಡಿ ಬಂತು, ಹಳೆಯದು ಗಾಜಿನೊಳಗೆ ಸೇರಿತು. ಪುಟ್ಟಿಯ ಚೂರುಗಳೆಲ್ಲ ಅಳೆದದ್ದು ಹೊಸದರಲ್ಲಿ. "ಅತಿಥಿಗಳು ಬರೋದ್ರೊಳಗೆ ಹಳೇ ಕಡ್ಡಿ ಸ್ವಲ್ಪ ಉಜ್ಜಿ ಹೊಳೆಯೋ ಹಾಗೆ ಮಾಡಿ ಅಕ್ಕಾ, ಧೂಳು ಹಿಡಿದಿದೆ" ಎಂದು ದೊಡ್ಡವರು ಬೀಗದ ಕೈ ಕೊಟ್ಟರು.

ತಂತಿಯಕ್ಕ ಅದನ್ನು ಕೆಳಗೆ ತಂದಳು. ದೀಪ ಹಾಕಿದಳು. ಮೆತ್ತನೆ ಬಟ್ಟೆಯಿಂದ ತುದಿಯನ್ನು ಒರೆಸಿದಳು. ಅಲ್ಲಿ ನಾಲ್ಕು ಪಿನ್ನು, ನಾಲ್ಕಕ್ಕೂ ಬಣ್ಣದ ಲೇಪ ಹಚ್ಚಿದ ನಾಲ್ಕು ಸಣ್ಣ ತಂತಿ. ಕೆಂಪು, ಬಿಳಿ ಕರೆಂಟು ಒಳಗೆ ಹೊರಗೆ ಹೋಗಲು. ಮೂರನೆಯ ಪಿನ್ನಿಗೆ ಹಸಿರು, ನಾಲ್ಕನೆಯದಕ್ಕೆ ಕಪ್ಪು ಇರಬೇಕು, ಅವೆರಡು ಅಳತೆಗೆ.

ಮೂರನೆಯ ಪಿನ್ನಿಗೆ ಕಪ್ಪು ಇತ್ತು. ನಾಲ್ಕನೆಯದಕ್ಕೆ ಹಸಿರು.

ಕಡ್ಡಿಯನ್ನು ತಲೆಕೆಳಗಾಗಿ ಹಿಡಿದಿದ್ದೇನೋ ಎಂದು ತಿರುಗಿಸಿದಳು. ಇಲ್ಲ. ಕೈ ಬೆರಳು ಇಟ್ಟು ಎಣಿಸಿದಳು. ಇಲ್ಲ. ಅಳತೆಯ ಎರಡು ತಂತಿ ಅದಲುಬದಲಾದರೆ ಮೀಟರು ಮೈನಸ್ಸನ್ನು ಪ್ಲಸ್ಸೆಂದು ತೋರಿಸುತ್ತದೆ ಎಂಬುದನ್ನು ಇಪ್ಪತ್ತಾರು ವರ್ಷದ ತಂತಿಯಕ್ಕನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆ ದಿನ ಅವಳಿಗೆ ಪೂರ್ತಿ ನೆನಪಾಯಿತು. ಬೆಳಗ್ಗೆ ನಿಯಮದಂತೆ 'ಸಾಕ್ಷಿ ಚೂರು' ಹಾಕಿದ್ದರು. ಅದು ಏನು ತೋರಿಸಬೇಕೆಂದು ಮೊದಲೇ ಗೊತ್ತಿರುವ ಚೂರು. ಅದು ಸರಿಯಾಗಿ ತೋರಿಸಿದರೆ ಕಡ್ಡಿ ಸರಿಯಿದೆ ಎಂದರ್ಥ. ಸರಿಯಾಗಿಯೇ ತೋರಿಸಿತು, ಪುಸ್ತಕದಲ್ಲಿ ಬರೆದೂ ಆಯಿತು. ಆಮೇಲೆ ದೊಡ್ಡವರ ಚೂರು ಕೂರಿಸುವಾಗ ಅವಳ ಚಿಮಟ ತಾಗಿ ಎರಡು ತಂತಿ ಕಿತ್ತುಬಂದವು. ಬೆಸುಗೆಯ ಸಲಾಕೆ ಹಿಡಿದು ಮತ್ತೆ ಬೆಸೆದಳು. ಕಡ್ಡಿ ಮುಟ್ಟಿದರೆ ಸಾಕ್ಷಿ ಮತ್ತೆ ಹೇಳಿಸಬೇಕು, ಅದೂ ನಿಯಮವೇ. ಆದರೆ ಕೊರೆಯುವ ದ್ರವ ಒಂದು ಸಲಕ್ಕಾಗುವಷ್ಟೇ ಉಳಿದಿತ್ತು. ಮುಂದಿನದು ಬರಲು ಹತ್ತು ದಿನ. ದೊಡ್ಡವರು ಹಿಂದೆ ನಿಂತು ಕೇಳಿದ್ದರು: "ಸಾಕ್ಷಿ ಮತ್ತೆ ಹೇಳಿಸಬೇಕಾ ಅಕ್ಕಾ?" ಅವಳು ಅಂದಿದ್ದಳು: "ಬಣ್ಣಕ್ಕೆ ಬಣ್ಣ ನೋಡಿ ಹಚ್ಚಿದೀನಿ ಸರ್. ಬೇಕಾಗಿಲ್ಲ."

ನೋಡಿ ಹಚ್ಚಿದಳಂತೆ! ಹಸಿರು ಯಾವುದು, ಕಪ್ಪು ಯಾವುದು ಎಂದೇ ಕಾಣದ ಕಣ್ಣಿನಲ್ಲಿ.

ಆ ಸಂಜೆ ದೊಡ್ಡವರು ಮೀಟರು ನೋಡಿ ಕುರ್ಚಿಯಲ್ಲೇ ಅತ್ತಿದ್ದರು. ಆಮೇಲಿನ ಎರಡು ಸಲವೂ ಅದೇ ಚೂರನ್ನು ಕಡ್ಡಿಯಿಂದ ಬಿಚ್ಚದೆ ಇಳಿಬಿಟ್ಟದ್ದರಿಂದ ಸಾಕ್ಷಿಯ ಮಾತೇ ಬರಲಿಲ್ಲ. ಲೇಖನದ ಕೊನೆಯಲ್ಲಿ ತಂತಿ ಕೂರಿಸಿದವಳಿಗೂ ಒಂದು ಸಾಲು ಕೃತಜ್ಞತೆ ಅಚ್ಚಾಗಿತ್ತು. ಗಂಡ ಆ ಹಾಳೆಯನ್ನು ಬಂದ ಗಿರಾಕಿಗೆಲ್ಲ ತೋರಿಸಿದ್ದ. ಅದೆಲ್ಲವೂ ಈ ಎರಡು ಪಿನ್ನಿನ ಮೇಲೆ ನಿಂತಿತ್ತು. ಮೂರು ವರ್ಷದಿಂದ ಪುಟ್ಟಿ ಹುಡುಕುತ್ತಿದ್ದ ಹೋಲು ಎಲ್ಲಿಯೂ ಇರಲಿಲ್ಲ. ಅವಳು ಅಲ್ಲಿಯವರೆಗೆ ತಂದ ನಲವತ್ತು ಚೂರುಗಳೂ ನಿಜವನ್ನೇ ಹೇಳಿದ್ದವು.

ಆಗ ತಂತಿಯಕ್ಕ ಮಾಡಬೇಕಾದದ್ದು ಇಷ್ಟೇ. ಕಡ್ಡಿಯನ್ನು ಇದ್ದ ಹಾಗೇ ಹಿಡಿದುಕೊಂಡು ಮೇಲೆ ಹೋಗಿ, "ಸರ್, ಇಲ್ಲಿ ನೋಡಿ" ಅನ್ನಬೇಕಿತ್ತು. ಅವಳು ಏನು ಮಾಡಿದಳು ಗೊತ್ತೇ? ಬೆಸುಗೆಯ ಸಲಾಕೆ ಕಾಯಿಸಿದಳು. ಕೆಲಸ ತಪ್ಪಲಿಲ್ಲ. ತಪ್ಪು ಬೆಸುಗೆ ಕಂಡರೆ ಸರಿ ಮಾಡದೆ ಇಟ್ಟ ಕೈಯಲ್ಲ ಅದು. ಅದರ ಜೊತೆಗೆ ಹೆದರಿಕೆಯೂ ಸೇರಿತು, ಸುಳ್ಳೇಕೆ ಹೇಳಲಿ. ಕಪ್ಪನ್ನು ಬಿಡಿಸಿ ನಾಲ್ಕಕ್ಕೆ ಹಚ್ಚಿದಳು, ಹಸಿರನ್ನು ಮೂರಕ್ಕೆ. ಎರಡು ಬೆಸುಗೆ ಹೊಳೆಯುತ್ತಿದ್ದವು, ಮಿಕ್ಕೆರಡು ಮಂಕಾಗಿದ್ದವು. ಅದು ಕಣ್ಣಿಗೆ ಚೆನ್ನಾಗಿ ಕಾಣಲಿಲ್ಲ. ಕೆಂಪು, ಬಿಳಿಯನ್ನೂ ಕರಗಿಸಿ ಮತ್ತೆ ಕೂರಿಸಿದಳು. ನಾಲ್ಕೂ ಒಂದೇ ಸಮ ಹೊಳೆದವು. ಕಡ್ಡಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಬೀಗದ ಕೈ ವಾಪಸು ಕೊಟ್ಟಳು. ಬಸ್ಸಿನಲ್ಲಿ ಕೂತ ಮೇಲೆ ಅವಳಿಗೆ ತಾನು ಮಾಡಿದ್ದೇನು ಎಂದು ಹೊಳೆಯಿತು.

ಸಂಜೆ ಗಂಡನಿಗೆ ಒಂದೂ ಬಿಡದೆ ಹೇಳಿದಳು. ಅವನು ಪೆಡಲ್ ನಿಲ್ಲಿಸಿ ಕೇಳಿದ.

"ಹೊಲಿಗೆ ತಪ್ಪಿದ್ರೆ ನಾನೂ ಬಿಚ್ತೀನಿ" ಎಂದ. "ಆದ್ರೆ ಬಟ್ಟೆ ಕೊಟ್ಟವರಿಗೆ ತೋರಿಸಿ ಬಿಚ್ಚಬೇಕಿತ್ತಲ್ಲೇ."

"ನಂಗೆ ಬುದ್ಧಿ ಇರಲಿಲ್ಲ ರೀ ಆಗ."

"ನಾಳೆ ಹೋಗಿ ಹೇಳಿಬಿಡು. ಆಗೋದು ಆಗ್ಲಿ. ಪಾತ್ರೆ ತೊಳಿ ಅಂದ್ರೆ ತೊಳೆದ್ರಾಯ್ತು. ನಾನಿಲ್ವಾ?"

"ನಾಳೆ ಹೇಳ್ತೀನಿ."

ಆ ನಾಳೆ ಹದಿನೆಂಟು ದಿನ ಬರಲೇ ಇಲ್ಲ. ಮೊದಲು ಅತಿಥಿಗಳಿದ್ದರು. ಅವರ ಮುಂದೆ ಹೇಗೆ ಹೇಳುವುದು? ಅವರು ಹೋದ ಮೇಲೆ ದೊಡ್ಡವರಿಗೆ ಜ್ವರ. ಜ್ವರ ಬಿಟ್ಟ ಮೇಲೆ ಅವರು ಎದುರಿಗೆ ಸಿಕ್ಕಿ, "ಕಣ್ಣು ಹೇಗಿದೆ ಅಕ್ಕಾ?" ಎಂದು ನಗುತ್ತ ಕೇಳಿದರು, ಅವಳು ಚೆನ್ನಾಗಿದೆ ಸರ್ ಎಂದು ಹೇಳಿ ಕೆಳಗಿಳಿದಳು. ಎರಡು ಸಲ ಅವರ ಕೋಣೆಯ ಬಾಗಿಲವರೆಗೆ ಹೋಗಿ, ನೀರು ಕುಡಿಯುವ ನಲ್ಲಿಯ ಹತ್ತಿರ ನಿಂತು, ಹಿಂದಿರುಗಿದಳು. ದಿನ ಕಳೆದಷ್ಟೂ ಹೇಳುವುದು ಕಷ್ಟವಾಯಿತು. ಮೊದಲ ದಿನವೇ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆಗೂ ಈಗ ಉತ್ತರ ಬೇಕಿತ್ತಲ್ಲ!

ಇತ್ತ ಪುಟ್ಟಿ ಕರಗುತ್ತಿದ್ದಳು. ನಲವತ್ತೊಂದನೆಯ ಚೂರು ತಂದಾಗ ಅವಳ ತುಟಿ ಒಡೆದು ರಕ್ತ ಕಪ್ಪಗಟ್ಟಿತ್ತು, ಸ್ವೆಟರಿನ ಗುಂಡಿ ತಪ್ಪು ತೂತಿಗೆ ಹಾಕಿದ್ದಳು.

"ಕುಲುಮೆಯಲ್ಲಿ ಆಮ್ಲಜನಕ ಸರಿಯಾಗಿ ಕೊಡ್ತಿಲ್ವೇನೋ ನಾನು" ಎಂದಳು. "ಇಲ್ಲಾ ಕೊನೇ ಪದರ ಸರಿಯಾಗಿ ಮುಗೀತಿಲ್ಲ. ಏನೋ ಒಂದು ನನ್ನಿಂದ್ಲೇ ತಪ್ಪಾಗ್ತಿದೆ ಅಕ್ಕಾ."

"ಚೂರು ಸರಿಯಾಗೇ ಇರಬಹುದು ಪುಟ್ಟಿ. ಹಳೇದೇ ತಪ್ಪಿದ್ರೆ?" ತಂತಿಯಕ್ಕನ ಬಾಯಿಂದ ಅಷ್ಟು ಹೊರಬಿತ್ತು.

"ಹಳೇದಾ? ಅದನ್ನ ಸರ್ ಅಳೆದಿದ್ದು, ತಂತಿ ಹಾಕಿದ್ದು ನೀವು. ನಿಮ್ಮ ಕೈ ಯಾವತ್ತು ತಪ್ಪಿದೆ ಅಕ್ಕಾ? ತಪ್ಪೋದೆಲ್ಲಾ ನನ್ನ ಕೈನೇ."

ಆ ಮಾತಿಗೆ ತಂತಿಯಕ್ಕ ಸತ್ತೇ ಹೋದಳು ಅನ್ನಿ. ಆಗಲೇ, ಅಲ್ಲೇ, ಆ ಸ್ಟೂಲಿನ ಮೇಲೆ ಕೂತವಳ ಕೈ ಹಿಡಿದು ಹೇಳಿಬಿಟ್ಟಿದ್ದರೆ! ಹೇಳಲಿಲ್ಲ. ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದಳು. ನಲವತ್ತೊಂದನೆಯ ಚೂರಿಗೆ ನಾಲ್ಕು ತಂತಿ ಕೂರಿಸಿದಳು. ಮಾರನೆಯ ದಿನ ಅದೂ ಮೈನಸ್ಸು ತೋರಿಸಿತು.

ಸಮಿತಿ ಕೂತದ್ದು ಬೆಳಗ್ಗೆ ಹತ್ತಕ್ಕೆ. ದೊಡ್ಡವರು, ಇನ್ನಿಬ್ಬರು ಹಿರಿಯ ಪ್ರಾಧ್ಯಾಪಕರು, ಉದ್ದನೆ ಮೇಜು, ಮೇಜಿನ ಕೊನೆಯಲ್ಲಿ ಪುಟ್ಟಿ. ಕೆಳಗೆ ತಂತಿಯಕ್ಕ ಗಡಿಯಾರ ನೋಡುತ್ತ ಕೂತಿದ್ದಳು. ಹನ್ನೊಂದಾಯಿತು. ಕೈಯಲ್ಲಿದ್ದ ಚಿಮಟ ಪೆಟ್ಟಿಗೆಯಲ್ಲಿಟ್ಟು, ಸೀರೆ ಸರಿಮಾಡಿಕೊಂಡು, ಮೆಟ್ಟಿಲು ಹತ್ತಿದಳು. ಬಾಗಿಲು ತಟ್ಟದೆ ಒಳಗೆ ಹೋದಳು. ಇಪ್ಪತ್ತಾರು ವರ್ಷದಲ್ಲಿ ಅವಳು ಆ ಕೋಣೆಗೆ ಕರೆಯದೆ ಹೋದದ್ದು ಅದೇ ಮೊದಲು.

"ಸರ್, ಆ ಹುಡುಗಿ ಚೂರುಗಳು ಸರಿಯಾಗಿವೆ" ಎಂದಳು. "ತಪ್ಪಾಗಿದ್ದು ನನ್ನಿಂದ. ಹಳೇ ಕಡ್ಡಿಗೆ ಹಸಿರು, ಕಪ್ಪು ಅದಲುಬದಲು ಹಚ್ಚಿದ್ದೆ. ನನಗೆ ಆಗ ಕಣ್ಣಿಗೆ ಪೊರೆ ಬಂದಿತ್ತು. ಬಣ್ಣ ಕಾಣ್ತಿರಲಿಲ್ಲ. ಹೋಲು ಇಲ್ಲ ಸರ್. ಅಲ್ಲಿ ಇದ್ದದ್ದೂ ಎಲೆಕ್ಟ್ರಾನೇ."

ದೊಡ್ಡವರ ಮುಖದಲ್ಲಿ ರಕ್ತವಿರಲಿಲ್ಲ. ಪ್ರಾಧ್ಯಾಪಕರಲ್ಲಿ ಒಬ್ಬರು, ಬೋಳುತಲೆಯವರು, ಕುರ್ಚಿ ಹಿಂದೆ ಸರಿಸಿ ಎದ್ದರು. "ಅದಕ್ಕೇನಂತೆ, ಕಡ್ಡಿ ಇದೆಯಲ್ಲ, ನೋಡೋಣ."

"ಅದನ್ನ ನಾನು ಸರಿ ಮಾಡಿಬಿಟ್ಟಿದೀನಿ ಸರ್" ಎಂದಳು ತಂತಿಯಕ್ಕ.

ಹಾಗೆ ಹೇಳಿದಾಗ ಅವಳ ದನಿ ಅವಳಿಗೇ ಸುಳ್ಳೆಂದು ಕೇಳಿಸಿತು.

ಆದರೂ ಬೀಗ ತೆಗೆದು ಕಡ್ಡಿ ತಂದರು. ಮೇಜಿನ ಮೇಲೆ ಮಲಗಿಸಿದರು. ಬೋಳುತಲೆಯವರು ಭೂತಗನ್ನಡಿ ಹಿಡಿದು ಬಾಗಿದರು. ಮೂರನೆಯ ಪಿನ್ನಿಗೆ ಹಸಿರು, ನಾಲ್ಕನೆಯದಕ್ಕೆ ಕಪ್ಪು. ನಾಲ್ಕು ಬೆಸುಗೆಯೂ ಒಂದೇ ಸಮ, ಒಂದೇ ಹೊಳಪು. ಅಳತೆಯ ಹಳೇ ಪುಸ್ತಕ ತರಿಸಿದರು. ಆ ತಾರೀಖಿನಲ್ಲಿ ಸ್ಪಷ್ಟವಾಗಿ ಬರೆದಿತ್ತು: ಸಾಕ್ಷಿ ಚೂರು ಸರಿ. ತಂತಿ ಕಿತ್ತುಬಂದದ್ದು, ಮತ್ತೆ ಬೆಸೆದದ್ದು ಯಾವುದೂ ಇರಲಿಲ್ಲ. ಇರುವುದಾದರೂ ಹೇಗೆ? ಕಿತ್ತುಬಂದ ತಂತಿಯನ್ನು ಪುಸ್ತಕದಲ್ಲಿ ಬರೆಯುವ ರೂಢಿಯೇ ಅಲ್ಲಿರಲಿಲ್ಲ.

"ಬೆಸುಗೆ ಹೊಸದಾಗಿದೆಯಲ್ಲ?" ಎಂದರು ಇನ್ನೊಬ್ಬರು.

"ಅತಿಥಿಗಳು ಬಂದಾಗ ಹೊಳೆಯೋ ಹಾಗೆ ಮಾಡಿ ಅಂತ ನಾನೇ ಹೇಳಿದ್ದೆ" ಎಂದರು ದೊಡ್ಡವರು.

"ಸರ್, ಆವತ್ತು ನೀವೇ ಕೇಳಿದ್ರಿ. ಸಾಕ್ಷಿ ಮತ್ತೆ ಹೇಳಿಸಬೇಕಾ ಅಂತ. ನಾನು ಬೇಡ ಅಂದೆ. ನೆನಪು ಮಾಡ್ಕೊಳ್ಳಿ ಸರ್."

ದೊಡ್ಡವರು ಅವಳ ಮುಖ ನೋಡಿದರು. ಅವರಿಗೆ ನೆನಪಿತ್ತೋ ಇಲ್ಲವೋ, ಅದನ್ನು ಅವರೇ ಹೇಳಬೇಕು. ಕೊನೆಗೆ ತಲೆಯಾಡಿಸಿ, "ನನಗೆ ಹಾಗೇನೂ ನೆನಪಿಲ್ಲಮ್ಮ" ಎಂದರು. ದನಿ ಮೆತ್ತಗಿತ್ತು. ಆಮೇಲೆ ಬೇರೆಯವರ ಕಡೆ ತಿರುಗಿ, ಅವಳು ಅಲ್ಲಿ ಇಲ್ಲವೇನೋ ಎಂಬಂತೆ ಹೇಳಿದರು: "ಆ ಹುಡುಗಿ ಅಂದ್ರೆ ಇವರಿಗೆ ಪ್ರಾಣ. ತಪ್ಪು ತಿಳ್ಕೋಬೇಡಿ. ಪೊರೆ ಬಂದಿದ್ದು ಈಚೆಗೆ. ಆ ವರ್ಷದ ಕಣ್ಣಿನ ಚೀಟಿ ಕೊಟ್ಟಿದಾರೆ, ಎಲ್ಲಾ ಸರಿಯಾಗಿದೆ. ಒಂದೇ ಒಂದು ತಂತಿ ತಪ್ಪು ಹಾಕಿದವರಲ್ಲ."

ಆ ಚೀಟಿಯನ್ನು ಅಕ್ಷರದ ಹಲಗೆ ಬಾಯಿಪಾಠ ಮಾಡಿ ತಂದೆ ಎಂದಳು ತಂತಿಯಕ್ಕ. ಬೋಳುತಲೆಯವರು ಕೆಮ್ಮಿದರು. ಇನ್ನೊಬ್ಬರು ನಗು ತಡೆದುಕೊಂಡರು. ಕಿರುಚಬೇಕು ಅನ್ನಿಸಿತು ಅವಳಿಗೆ. ಆ ಕಟ್ಟಡದಲ್ಲಿ ಮೊದಲ ಸಲ ಪೂರ್ತಿ ನಿಜ ಹೇಳುತ್ತಿದ್ದಾಳೆ, ಒಬ್ಬರಾದರೂ ನಂಬಬಾರದೇ? ನಂಬುವುದಕ್ಕೆ ಏನನ್ನು ಉಳಿಸಿದ್ದಳು ಅವಳು? ಇದ್ದ ಒಂದೇ ಒಂದು ಸಾಕ್ಷಿಯನ್ನು ತನ್ನ ಕೈಯಾರೆ, ನೀಟಾಗಿ, ಅಳಿಸಿದ್ದಳು. ಬೋಳುತಲೆಯವರು ಬಾಗಿಲು ತೆರೆದು ಹಿಡಿದು, "ನೀವು ಕೆಳಗೆ ಹೋಗಿ ಸ್ವಲ್ಪ ನೀರು ಕುಡೀರಮ್ಮ" ಎಂದು ಮರ್ಯಾದೆಯಿಂದಲೇ ಹೇಳಿದರು.

ಹನ್ನೆರಡೂವರೆಗೆ ತೀರ್ಮಾನವಾಯಿತು. ಪುಟ್ಟಿಯ ಸಂಶೋಧನೆ ನಿಲ್ಲಿಸುವುದು. ಕೋಣೆ ಖಾಲಿ ಮಾಡಲು ಒಂದು ವಾರ. ಮಧ್ಯಾಹ್ನ ದೊಡ್ಡವರೇ ನೆಲಮಾಳಿಗೆಗೆ ಇಳಿದು ಬಂದರು. ಬಾಗಿಲಲ್ಲೇ ನಿಂತರು. ಬೆಳಗಿನ ಮಾತನ್ನು ಎತ್ತಲಿಲ್ಲ.

"ಸೋಮವಾರ ಹೊಸಬರೊಬ್ಬರು ಬರ್ತಾರೆ ಅಕ್ಕಾ. ಇದೇ ಕೆಲಸ ಮುಂದುವರಿಸ್ತಾರೆ. ಕಡ್ಡಿ ರೆಡಿ ಇಟ್ಟಿರಿ."

"ಸರ್, ಅದು ಸಿಗಲ್ಲ. ಇನ್ನೊಂದು ಮಗುವಿನ ಮೂರು ವರ್ಷ ಹಾಳು ಮಾಡಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ."

ಅವರು ಬಾಗಿಲ ಚೌಕಟ್ಟನ್ನು ಒಮ್ಮೆ ಕೈಯಿಂದ ಸವರಿ, ಹೊರಟುಹೋದರು. ಮೆಟ್ಟಿಲು ಹತ್ತುವಾಗ ನಡುವೆ ಒಂದು ಸಲ ನಿಂತದ್ದು ಕೇಳಿಸಿತು. ಆಮೇಲೆ ಮತ್ತೆ ಹತ್ತಿದರು.

ಒಂದು ವಾರವೂ ಕಾಯಲಿಲ್ಲ ಪುಟ್ಟಿ. ಮಾರನೆಯ ದಿನ ಬೆಳಗ್ಗೆಯೇ ಕೆಳಗೆ ಬಂದಳು. ಬೆನ್ನಿಗೆ ಚೀಲ, ಕೈಯಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ. ಡಬ್ಬಿಯೊಳಗೆ ನಲವತ್ತೊಂದು ಚೂರು, ಒಂದೊಂದಕ್ಕೂ ಪುಟ್ಟ ಚೀಟಿ, ದುಂಡನೆ ಅಕ್ಷರ. ರಾತ್ರಿಯೆಲ್ಲ ಅತ್ತ ಮುಖ. ಆದರೂ ಶಾಂತವಾಗಿದ್ದಳು.

"ಇದನ್ನ ಕಸಕ್ಕೆ ಹಾಕಿಬಿಡಿ ಅಕ್ಕಾ. ನನ್ನ ಕೈಯಾರೆ ಹಾಕೋಕೆ ಮನಸ್ಸು ಬರ್ತಿಲ್ಲ."

"ಹಾಕಲ್ಲ. ಇವೇ ಸರಿ ಪುಟ್ಟಿ. ದೇವರಾಣೆ, ಇವೇ ಸರಿ. ನಾನು ನಿನ್ನೆ ಹೇಳಿದ್ದು ಒಂದೊಂದು ಅಕ್ಷರಾನೂ ನಿಜ. ನಾನೇ ತಂತಿ ತಪ್ಪು ಹಚ್ಚಿದ್ದು, ನಾನೇ ಹೆದರಿ ಬದಲಾಯಿಸಿದ್ದು. ನೀನಾದ್ರೂ ನಂಬು."

ಪುಟ್ಟಿ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಎರಡೂ ಕೈಯಿಂದ ತಂತಿಯಕ್ಕನ ಕೈ ಹಿಡಿದುಕೊಂಡಳು. ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು.

"ನಿನ್ನೆ ನೀವು ಒಳಗೆ ಬಂದ್ರಲ್ಲ, ಆಗ ನನಗೆ ಎಷ್ಟು ಧೈರ್ಯ ಬಂತು ಗೊತ್ತಾ? ಮೂರು ವರ್ಷದಲ್ಲಿ ನನ್ನ ಪರ ಮಾತಾಡಿದವರು ನೀವೊಬ್ಬರೇ. ನನ್ನಮ್ಮನೂ ನನಗೋಸ್ಕರ ಅಷ್ಟು ದೊಡ್ಡ ಸುಳ್ಳು ಹೇಳ್ತಿರಲಿಲ್ಲ."

"ಸುಳ್ಳಲ್ಲ ಪುಟ್ಟಿ."

"ಗೊತ್ತಕ್ಕಾ, ಗೊತ್ತು" ಎಂದಳು ಪುಟ್ಟಿ, ಮಗುವನ್ನು ಸಮಾಧಾನ ಮಾಡುವ ದನಿಯಲ್ಲಿ. "ಆದ್ರೆ ಇನ್ನು ಯಾರಿಗೋಸ್ಕರಾನೂ ಹೀಗೆ ಮಾಡ್ಕೋಬೇಡಿ. ಇಷ್ಟು ಒಳ್ಳೇ ಹೆಸರನ್ನ ನನ್ನಂಥವಳಿಗೋಸ್ಕರ ಕೆಡಿಸ್ಕೋಬೇಡಿ."

ಹಾಗೆಂದು ತಂತಿಯಕ್ಕನ ಕಾಲು ಮುಟ್ಟಿ ನಮಸ್ಕಾರ ಮಾಡಿ, ಚೀಲ ಸರಿಮಾಡಿಕೊಂಡು, ಮೆಟ್ಟಿಲು ಹತ್ತಿ ಹೋದಳು.